ಎರಡನೆಯ ಸಲ

ಗಲ್ಲ ಎತ್ತಿ. ಕಿವಿ ಕಾಣಲಿ. ನಗಬೇಡಿ.
ಇಪ್ಪತ್ತೆರಡು ವರ್ಷ ಈ ಮೂರೇ ಮಾತು ಆಡಿ
ಹೊಟ್ಟೆ ಹೊರೆದವಳು ನಾನು.

ಚಿಯಾತುರಾದ ಸೇತುವೆಯ ಮೂಲೆಗೆ ಓತಿಯಾ ಮಾವನ ಅಂಗಡಿ.
ಕೆಳಗೆ ಮ್ಯಾಂಗನೀಸಿನ ಕಪ್ಪು ಹೊತ್ತು ಹರಿಯುವ ಹೊಳೆ,
ಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಬಿಗಿದ ಉಕ್ಕಿನ ಹಗ್ಗ,
ಹಗ್ಗಕ್ಕೆ ಜೋತ ತಗಡಿನ ತೊಟ್ಟಿಲುಗಳಲ್ಲಿ
ಪಾಳಿ ಮುಗಿಸಿ ಇಳಿಯುವ ಗಂಡಸರು.
ಒಳಗೆ ಒಂದು ಸ್ಟೂಲು, ಒಂದು ಬಿಳಿ ಬಟ್ಟೆ,
ಹಲ್ಲು ಮುರಿದ ಬಾಚಣಿಗೆ, ಊರಿಗೆಲ್ಲ ಅದೊಂದೇ.

"ಮುಖ ಅಂದರೆ ಏನಂದುಕೊಂಡೆ, ತ್ಸಿಯಾಲಾ?
ಮೂರೂವರೆ ಸೆಂಟಿಮೀಟರು ಅಗಲ, ನಾಲ್ಕೂವರೆ ಎತ್ತರ."
ಮಾವ ಕಲಿಸಿದ್ದು ಇಷ್ಟೇ. ತಪ್ಪು ಅನ್ನಲಾರೆ.
ಗಡಿಯಲ್ಲಿ ಕೂತವನಿಗೆ
ಅದಕ್ಕಿಂತ ದೊಡ್ಡ ಮುಖ ಬೇಕಿಲ್ಲ.

ಬರುತ್ತಿದ್ದವರು ಹೆಚ್ಚಿಗೆ ಹೆಂಗಸರೇ.
ಬಾರಿಗೆ, ನೇಪಲ್ಸಿಗೆ, ಥೆಸ್ಸಲೊನೀಕಿಗೆ,
ಯಾರದೋ ಮನೆಯ ಮುದುಕಿಗೆ ಮೀಯಿಸಿ, ಉಣ್ಣಿಸಿ
ಇಲ್ಲಿ ಮಕ್ಕಳ ಬೂಟಿಗೆ ದುಡ್ಡು ಕಳಿಸಲು ಹೊರಟವರು.
ಸೂಜಿಗೆ ತೋಳು ಕೊಟ್ಟವರ ಹಾಗೆ ಉಸಿರು ಕಟ್ಟಿ ಕೂರುತ್ತಿದ್ದರು.
ಫ್ಲ್ಯಾಶ್ ಮಿಂಚಿ ಆರಿದ ಮೇಲೆ
"ಆಯಿತಾ?" ಅನ್ನುವುದಕ್ಕೂ ಮುಂಚೆ
ಒಂದು ಚಿಟಿಕೆ ಹೊತ್ತು
ಭುಜ ಇಳಿಯುತ್ತಿತ್ತು. ತುಟಿ ತನ್ನ ಜಾಗಕ್ಕೆ ಮರಳುತ್ತಿತ್ತು.
ಅಷ್ಟು ಹೊತ್ತೂ ಹೊರಗೆ ನಿಂತಿದ್ದ ಮುಖ
ಬಾಗಿಲಲ್ಲಿ ಬೂಟು ಕಳಚಿ
ಒಳಗೆ ಬಂದ ಹಾಗೆ.

ಒಂದು ದಿನ ಬೆರಳು, ನನ್ನನ್ನೂ ಕೇಳದೆ,
ಎರಡನೆಯ ಸಲ ಒತ್ತಿತು.
ರೀಲಿನ ಲೆಕ್ಕ ಇಡುವ ಮಾವ ಒಳಗೆ ಚಹಾ ಕುಡಿಯುತ್ತಿದ್ದ.
ಆಮೇಲೆ ಅದೇ ಚಟವಾಯಿತು.
ಕದ್ದ ಮುಖಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ.
ಹೆಸರು ಬರೆಯಲಿಲ್ಲ. ತಾರೀಖು ಮಾತ್ರ.

ಈಗ ಪಾಸ್‌ಪೋರ್ಟಿನ ಮುಖವನ್ನು ಕಚೇರಿಯವರೇ ಹಿಡಿಯುತ್ತಾರೆ.
ನನಗೆ ಉಳಿದದ್ದು ಗೋರಿಕಲ್ಲಿನ ಕೆಲಸ:
ಸತ್ತವರನ್ನು ದೊಡ್ಡದು ಮಾಡಿ ಕಲ್ಲು ಕೊರೆಯುವವನಿಗೆ ಕೊಡುವುದು.
ಹೋದ ಚಳಿಗಾಲ ಈಯಾ ಬಂದಳು, ಮಕ್ವಾಲಾಳ ಮಗಳು.
ಬಾರಿಯಿಂದ ಪೆಟ್ಟಿಗೆ ಬಂದು ನಾಲ್ಕು ದಿನ.
ಅಮ್ಮ ಊರು ಬಿಟ್ಟ ವಾರ ಅವಳಿಗೆ ಬಾಯಿಪಾಠವಿತ್ತು.
ಡಬ್ಬಿ ತೆಗೆದೆ. ಎರಡನ್ನೂ ಮೇಜಿನ ಮೇಲಿಟ್ಟೆ.

ಮೊದಲನೆಯದರಲ್ಲಿ ಗಲ್ಲ, ಕಿವಿ, ಕಾನೂನು.
ಎರಡನೆಯದರಲ್ಲಿ ಮಕ್ವಾಲಾ ಕೆಳಗೆಲ್ಲೋ ನೋಡುತ್ತ
ಏನೋ ಗದರಲು ಬಾಯಿ ತೆರೆದಿದ್ದಾಳೆ.
"ಯಾರನ್ನು ನೋಡುತ್ತಿದ್ದಾಳೆ?"
ನಿನ್ನನ್ನೇ ಅನ್ನಬಹುದಿತ್ತು. ಅಂದರೆ ನಂಬುತ್ತಿದ್ದಳು.
ಆದರೆ ಆ ವರ್ಷಗಳಲ್ಲಿ ಎಲ್ಲರ ಜೊತೆಗೂ
ಪರದೆಯ ನೂಲು ಕೀಳುವ ಮಗು ಒಂದಿರುತ್ತಿತ್ತು.
ಗೊತ್ತಿಲ್ಲ ಅಂದೆ.
"ಯಾರನ್ನು ಕೇಳಿ ತೆಗೆದೆ ಇದನ್ನು?"
ಅದಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ.

ಕಲ್ಲಿಗೆ ಮೊದಲನೆಯದನ್ನೇ ಆರಿಸಿದಳು.
"ಇದರಲ್ಲಿ ಅಮ್ಮ ಅಚ್ಚುಕಟ್ಟಾಗಿದ್ದಾಳೆ."
ಇನ್ನೊಂದನ್ನು ಮಗುಚಿ ಬ್ರೆಡ್ಡಿನ ಚೀಲದೊಳಗಿಟ್ಟುಕೊಂಡು
ಎರಡಕ್ಕೂ ದುಡ್ಡಿಟ್ಟು ಹೋದಳು.

ಅಂದಿನಿಂದ ಮೊದಲೇ ಹೇಳಿಬಿಡುತ್ತೇನೆ:
ಎರಡು ಸಲ ಒತ್ತುತ್ತೇನೆ, ಒಂದು ನಿಮಗೆ, ಒಂದು ನನಗೆ.
ಜನ ಎರಡಕ್ಕೂ ಉಸಿರು ಕಟ್ಟುತ್ತಾರೆ. ಕಟ್ಟಲಿ ಬಿಡಿ,
ಅವರ ಉಸಿರು.

ಮೊನ್ನೆ ಹಗ್ಗದ ಗಾಡಿಯಲ್ಲಿ ಝುಝುನಾ,
ಮೂವತ್ತು ವರ್ಷದಿಂದ ಅದರ ಬಾಗಿಲು ಹಾಕಿ ತೆಗೆಯುವವಳು,
ಎರಡಕ್ಕೂ ಕಂಬದಂತೆ ಕೂತಳು.
"ಆಯಿತಾ?"
ಆಯಿತು ಅಂದೆ, ಕ್ಯಾಮೆರಾ ಮಡಿಲಲ್ಲಿಟ್ಟೆ.
ಆಗ ಬಂತು ನೋಡಿ ಮುಖ, ಬೂಟು ಕಳಚಿ.
ಬೆರಳು ತುರಿಸಿತು. ತಡೆದು ಕೇಳಿದೆ:
"ಇನ್ನೊಂದು?"
"ಥೂ, ಮೊದಲೇ ಹೇಳಬಾರದಾ!" ಅಂತ
ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ,
ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು,
ನಗುತ್ತ, ಬೈಯುತ್ತ
ಬಿಳಿಗೂದಲು ಒಳಗೆ ತುರುಕತೊಡಗಿದಳು.

ಒತ್ತಿದೆ.
ಅಷ್ಟರಲ್ಲಿ ಗಾಡಿ ಕಂಬ ದಾಟಿ ಕುಲುಕಿತು.
ಚಿತ್ರ ಸ್ವಲ್ಪ ಅಲುಗಿದೆ.
ಇರಲಿ.